ಬಣ್ಣದ ಕೆಳಗೆ ಏನಿದೆ ಎಂದು ತೋರಿಸುವ ಗ್ಯಾರೇಜು

ಎರಡು ವರ್ಷಗಳ ಹಿಂದೆ ಸಿಗ್ನಲ್‌ನಲ್ಲಿ ನಿಂತಿದ್ದ ನನ್ನ ಕಾರಿಗೆ ಹಿಂದಿನಿಂದ ಬಂದ ವಾಹನವೊಂದು ಗುದ್ದಿತು. ಯಾರಿಗೂ ಪೆಟ್ಟಾಗಲಿಲ್ಲ, ಬಂಪರ್ ಒಡೆದು, ಡಿಕ್ಕಿಯ ಬಾಗಿಲು ನೆಗ್ಗಿತ್ತು. ಗಾಬರಿಯಲ್ಲಿ, ಕಾರನ್ನು ಎಳೆದೊಯ್ಯಲು ಬಂದವರು ಹೇಳಿದ ಗ್ಯಾರೇಜಿಗೇ ಒಪ್ಪಿಸಿದೆ. ಕೆಲವೇ ದಿನಗಳಲ್ಲಿ ಕನ್ನಡಿಯಂತೆ ಹೊಳೆಯುವ ಕಾರು ಮರಳಿ ಬಂತು, ನಾನು ಸಂತೋಷದಿಂದ ಹಣ ಕೊಟ್ಟೆ. ಮುಂದೆ ಮಳೆ ಬಂದಾಗಲೆಲ್ಲ ಡಿಕ್ಕಿಯೊಳಗೆ ನೀರು ನಿಲ್ಲತೊಡಗಿದ್ದರಿಂದ ಇನ್ನೊಂದು ಕಡೆ ತೋರಿಸಿದೆ. ಅಲ್ಲಿನ ಹಿರಿಯ ಟಿಂಕರಿಂಗ್ ಕೆಲಸಗಾರರು ಬಂಪರ್ ಬಿಚ್ಚಿ ನನ್ನನ್ನು ಕರೆದರು. ಪೆಟ್ಟು ತಡೆಯಬೇಕಾದ ಒಳಗಿನ ಉಕ್ಕಿನ ತೊಲೆ ಬಾಗಿದ್ದು ಬಾಗಿದಂತೆಯೇ ಇತ್ತು. ಸುಕ್ಕಾದ ತಗಡಿನ ಮೇಲೆ ದಪ್ಪವಾಗಿ ಪುಟ್ಟಿ ಮೆತ್ತಲಾಗಿತ್ತು.

ಅಂದಿನಿಂದ ನನ್ನ ಅಭಿಪ್ರಾಯ ಒಂದೇ: ಅಪಘಾತವಾದ ಕಾರನ್ನು ಒಪ್ಪಿಸುವ ಗ್ಯಾರೇಜನ್ನು ಅದರ ಬಣ್ಣದ ಕೆಲಸದಿಂದ ಅಳೆಯಬಾರದು, ಬಣ್ಣದ ಕೆಳಗಿನದನ್ನು ನಮಗೆ ತೋರಿಸಲು ಅದು ಎಷ್ಟು ಸಿದ್ಧವಿದೆ ಎಂಬುದರಿಂದ ಅಳೆಯಬೇಕು.

ಕಾರಿನ ಮುಂಭಾಗ ಮತ್ತು ಹಿಂಭಾಗ ಗುದ್ದಿದಾಗ ಮಡಚಿಕೊಳ್ಳಲೆಂದೇ ರೂಪುಗೊಂಡಿರುತ್ತವೆ. ಮರ್ಸಿಡಿಸ್ ಬೆಂಜ್‌ನ ಎಂಜಿನಿಯರ್ ಬೇಲಾ ಬಾರೆನಿ ಈ ವಿಚಾರಕ್ಕೆ 1950ರ ದಶಕದ ಆರಂಭದಲ್ಲಿ ಪೇಟೆಂಟ್ ಪಡೆದರು. 1959ರಲ್ಲಿ ಅದು ಆ ಕಂಪನಿಯ ಕಾರಿನಲ್ಲಿ ಬಳಕೆಗೆ ಬಂತು. ತಗಡು ಮಡಚಿಕೊಳ್ಳುತ್ತಾ ಪೆಟ್ಟಿನ ಬಲವನ್ನು ನುಂಗುವುದರಿಂದ ಒಳಗೆ ಕುಳಿತವರ ಮೇಲಿನ ಹೊಡೆತ ತಗ್ಗುತ್ತದೆ. ಆದರೆ ಒಮ್ಮೆ ಮಡಚಿದ ಭಾಗವನ್ನು ಬಡಿದು ನೇರ ಮಾಡಿದ ಮಾತ್ರಕ್ಕೆ ಅದು ಮುಂದಿನ ಪೆಟ್ಟಿನಲ್ಲಿ ಮೊದಲಿನಂತೆಯೇ ಮಡಚುತ್ತದೆ ಎಂದು ನಂಬುವಂತಿಲ್ಲ. ಇಂದಿನ ಬಹುಪಾಲು ಕಾರುಗಳಲ್ಲಿ ಬೇರೆಯೇ ಆದ ಚಾಸಿಸ್, ಅಂದರೆ ಭಾರ ಹೊರುವ ಅಡಿಚೌಕಟ್ಟು, ಇರುವುದಿಲ್ಲ, ಇಡೀ ದೇಹವೇ ಭಾರ ಹೊರುತ್ತದೆ. ಕಾರಿನ ಚಾವಣಿಯನ್ನು ಹೊರುವ ಕಂಬಗಳಲ್ಲಿ ಬಳಸುವ ಅತಿಗಟ್ಟಿ ಉಕ್ಕನ್ನು ಕಾಯಿಸಿ ಬಗ್ಗಿಸಿದರೆ ಅದರ ಬಲವೇ ಕುಂದುತ್ತದೆ. ಎಲ್ಲಿ ಕತ್ತರಿಸಬೇಕು, ಎಲ್ಲಿ ಬೆಸೆಯಬೇಕು ಎಂಬುದನ್ನು ತಯಾರಕರು ಆಯಾ ಮಾದರಿಗೆ ಬರೆದಿಟ್ಟಿರುತ್ತಾರೆ. ಆದ್ದರಿಂದ ನಾನು ಕೇಳುವ ಮೊದಲ ಪ್ರಶ್ನೆ, ಆ ಸೂಚನೆಗಳನ್ನು ನೋಡಿ ಕೆಲಸ ಮಾಡುತ್ತೀರಾ ಎಂಬುದು. ಎರಡನೆಯದು, ದೇಹದ ಅಳತೆಯನ್ನು ಯಂತ್ರದಲ್ಲಿ ತೆಗೆದು ದುರಸ್ತಿಯ ಮುಂಚಿನ ಮತ್ತು ನಂತರದ ಮುದ್ರಿತ ವರದಿ ಕೊಡುತ್ತೀರಾ ಎಂಬುದು. ಈ ಪ್ರಶ್ನೆಗಳಿಗೆ ಸಿಡುಕುವ ಜಾಗದಿಂದ ಹೊರಟುಬಿಡುವುದೇ ಒಳ್ಳೆಯದು.

ಮುಂಗಾಜಿನ ಹಿಂದಿನ ಕ್ಯಾಮೆರಾ, ಬಂಪರ್ ಒಳಗಿನ ರೇಡಾರ್ ಇರುವ ಕಾರಾದರೆ ಗಾಜು ಅಥವಾ ಬಂಪರ್ ಬಿಚ್ಚಿ ಜೋಡಿಸಿದ ಬಳಿಕ ಆ ಕ್ಯಾಮೆರಾ, ರೇಡಾರ್‌ಗಳನ್ನು ಮತ್ತೆ ಹೊಂದಿಸಬೇಕಾಗಬಹುದು. ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆ ಅವುಗಳ ನೋಟವನ್ನೇ ನಂಬಿರುವುದರಿಂದ ಇದನ್ನು ಯಾರು, ಎಲ್ಲಿ ಮಾಡುತ್ತಾರೆಂದು ಮೊದಲೇ ಕೇಳಿಕೊಳ್ಳಬೇಕು. ಏರ್‌ಬ್ಯಾಗ್ ತೆರೆದಿದ್ದರೆ ಸೀಟ್ ಬೆಲ್ಟ್‌ಗಳ ಸ್ಥಿತಿಯನ್ನೂ ಕೇಳಬೇಕು.

ಅಂದಾಜು ಪಟ್ಟಿಯ ಬಗ್ಗೆ ನನ್ನ ಅನುಭವ ಹಲವರಿಗೆ ವಿಚಿತ್ರ ಎನಿಸಬಹುದು: ಹೊರಗಿನಿಂದ ನೋಡಿದಾಕ್ಷಣ ಖಚಿತ ಮೊತ್ತ ಹೇಳಿದವರಿಗಿಂತ, ಬಿಚ್ಚಿ ನೋಡದೆ ಪೂರ್ತಿ ಹೇಳಲಾಗದು ಎಂದವರನ್ನೇ ನಾನು ಹೆಚ್ಚು ನಂಬುತ್ತೇನೆ. ಹೊಸ ಹಾನಿ ಕಂಡರೆ ಫೋಟೊ ಕಳುಹಿಸಿ, ನನ್ನ ಮತ್ತು ವಿಮಾ ಕಂಪನಿಯ ಒಪ್ಪಿಗೆ ಪಡೆದ ನಂತರವೇ ಮುಂದುವರಿಯುತ್ತೇವೆ ಎಂದು ಅವರು ಬರೆದುಕೊಡಬೇಕು. ಪ್ರತಿಯೊಂದು ಬಿಡಿಭಾಗ ಕಂಪನಿಯದೋ, ಬೇರೆ ತಯಾರಕರದೋ, ಹಳೆಯ ಕಾರಿನಿಂದ ತೆಗೆದದ್ದೋ ಎಂಬುದೂ ಪಟ್ಟಿಯಲ್ಲಿರಬೇಕು. ವಿಮಾ ಕಂಪನಿ ಸೂಚಿಸಿದ ಗ್ಯಾರೇಜು ಕೆಟ್ಟದ್ದೇನೂ ಅಲ್ಲ, ಆದರೆ ಅದೂ ಇದೇ ಪ್ರಶ್ನೆಗಳಿಗೆ ಉತ್ತರಿಸಬೇಕು.

ಕಾರನ್ನು ಮರಳಿ ಪಡೆಯುವುದಾದರೆ ಹಗಲಿನಲ್ಲೇ ಪಡೆಯಿರಿ. ದೀಪದ ಬೆಳಕಿನಲ್ಲಿ ಮರೆಯಾಗುವ ಬಣ್ಣದ ವ್ಯತ್ಯಾಸ ಬಿಸಿಲಿನಲ್ಲಿ ಕಾಣುತ್ತದೆ. ಬಾಗಿಲುಗಳ ಸಂದುಗಳು ಎರಡೂ ಬದಿಯಲ್ಲಿ ಸಮನಾಗಿವೆಯೇ ನೋಡಿ, ಡಿಕ್ಕಿಯ ನೆಲಹಾಸು ಎತ್ತಿ ಕೆಳಗಿನ ತಗಡನ್ನು ನೋಡಿ, ರಬ್ಬರಿನ ಅಂಚಿಗೆ ನೀರು ಸುರಿಸಿ ನೋಡಿ. ಬೆಸುಗೆಯ ಒಳಬದಿಗೆ ತುಕ್ಕು ತಡೆಯುವ ಲೇಪ ಹಚ್ಚಿದ್ದಾರೆಯೇ ಎಂದು ನೇರವಾಗಿ ಕೇಳಿ. ಹಚ್ಚದಿದ್ದರೆ ಅದು ಗೊತ್ತಾಗುವುದು ತಿಂಗಳುಗಳ ನಂತರ, ಬಣ್ಣ ಗುಳ್ಳೆ ಎದ್ದಾಗ.

ಎರಡನೆಯ ಗ್ಯಾರೇಜಿನವರು ತೊಲೆಯನ್ನು ಬದಲಿಸಿ, ಪ್ರತಿ ಹಂತದ ಫೋಟೊಗಳನ್ನು ನನಗೆ ಕೊಟ್ಟರು. ಕಾರನ್ನು ಮುಂದೆ ಯಾರೇ ಕೊಂಡರೂ ನೋಡಲಿ ಎಂದು ಅವುಗಳನ್ನು ಅದರ ದಾಖಲೆಗಳ ಜೊತೆಯಲ್ಲೇ ಇಟ್ಟಿದ್ದೇನೆ.