ಥಿಯಂಪಾನ್ ಬೀರಿದ ದಿನ

ಚಿಕ್ಕವಳಿದ್ದಾಗ ಸಂಕ್ರಾಂತಿ ಬಂತೆಂದರೆ ಪಕ್ಕದ ಮನೆ ಅಜ್ಜಿ ನನಗೂ ಲಂಗ ಉಡಿಸಿ, ಮೊಮ್ಮಗಳ ಜತೆ ಎಳ್ಳು ಬೀರೋಕೆ ಕಳಿಸುತ್ತಿದ್ದರು. ಸಕ್ಕರೆ ಅಚ್ಚು, ಕಬ್ಬಿನ ತುಂಡು, ಇಡೀ ಬೀದಿ ನಮ್ಮದೇ. ಅದಾಗಿ ಕೆಲವೇ ವಾರಕ್ಕೆ ನಮ್ಮ ಮನೆಯ ಹೊಸ ವರ್ಷ ಬಂದಾಗ ಮಾತ್ರ ನಾನೇ ಹೋಗಿ ಕಿಟಕಿ ಮುಚ್ಚುತ್ತಿದ್ದೆ. ಒಣಗಿಸಿದ ಸಾಸಿವೆ ಸೊಪ್ಪು ಹಂದಿ ಮಾಂಸದ ಜತೆ ಬೇಯುವ ವಾಸನೆ ಹೊರಗೆ ಹೋಗಬಾರದಲ್ಲ, ಅದಕ್ಕೆ.

ನಮ್ಮದು ಹಕ್ಕಾ ಚೀನೀ ಕುಟುಂಬ. ಬೆಂಗಳೂರಿನ ಎಲ್ಲ ಮೆನು ಕಾರ್ಡಲ್ಲೂ ನೂಡಲ್ಸ್ ಪಕ್ಕ ನೀವು ಓದುವ ಆ ಹೆಸರು ನನ್ನ ಜನರದ್ದು. ಅದರ ಅರ್ಥ 'ಅತಿಥಿ ಮನೆತನ'. ನಾನು ಹುಟ್ಟಿದ್ದು ಇಲ್ಲೇ, ಅಮ್ಮನ ಬ್ಯೂಟಿ ಪಾರ್ಲರಿನ ಹಿಂದಿನ ಎರಡು ಕೋಣೆಯಲ್ಲಿ. ಕನ್ನಡ ಬೀದಿಯಲ್ಲೇ ಬಂತು. 'ಚಿಂಕಿ' ಅನ್ನೋ ಹೀಯಾಳಿಕೆಯೂ ಅದೇ ಬೀದಿಯಲ್ಲಿ ಕಿವಿಗೆ ಬಿತ್ತು.

ಮುಚ್ಚಿಡುವುದನ್ನು ಕಲಿಸಿದ್ದು ನಮ್ಮ ಆಪೊ, ಅಂದರೆ ಅಜ್ಜಿ. ಶಿಲ್ಲಾಂಗಿನಲ್ಲಿ ಅವರದು ಚಪ್ಪಲಿ ಅಂಗಡಿ ಇತ್ತು. 1962ರ ಭಾರತ-ಚೀನಾ ಯುದ್ಧ ಶುರುವಾದ ಮೇಲೆ ಪೊಲೀಸರು ಬಂದು ಮನೆಯವರನ್ನೆಲ್ಲ ಕರೆದೊಯ್ದರು. ದಿನಗಟ್ಟಲೆ ರೈಲು, ಕೊನೆಗೆ ರಾಜಸ್ಥಾನದ ದೇವಲಿ ಶಿಬಿರ. ಹಾಗೆ ಸುಮಾರು 3,000 ಜನ ಅಲ್ಲಿ ಸೇರಿದರು, ಮಕ್ಕಳು ಮುದುಕರು ಸಮೇತ. ಯಾರ ಮೇಲೂ ಕೋರ್ಟಿನಲ್ಲಿ ಒಂದು ಆರೋಪ ಹೊರಿಸಲಿಲ್ಲ. ಕೆಲವರು ಹೊರಗೆ ಬಂದಿದ್ದು 1967ಕ್ಕೆ. ಆಪೊ ಹೊರಬಂದಾಗ ಅಂಗಡಿ ಬೇರೆಯವರ ಕೈಯಲ್ಲಿತ್ತು. ಆಮೇಲೆ ಬದುಕಿದ್ದಷ್ಟು ವರ್ಷವೂ ಹಬ್ಬದ ಕೆಂಪು ಕಾಗದವನ್ನು ಬಾಗಿಲಿನ ಒಳಗಡೆಗೇ ಅಂಟಿಸುತ್ತಿದ್ದರು.

2020ರಲ್ಲಿ ಮೊದಲು ಕೊರೊನಾ, ಆಮೇಲೆ ಚೀನಾ ಗಡಿಯ ಗಲ್ವಾನ್ ಕಣಿವೆಯಲ್ಲಿ ಸೈನಿಕರ ಘರ್ಷಣೆ. ಮುಖ ನೋಡಿದವರು ದೂರ ಸರಿದಾಗ ನಾನು ಬೇಕೆಂದೇ ಜೋರಾಗಿ ಕನ್ನಡ ಮಾತಾಡುತ್ತಿದ್ದೆ. ಪ್ರೀತಿಯಿಂದ ಆಡುವ ಭಾಷೆಯನ್ನು ಗುರುತಿನ ಚೀಟಿ ಥರ ತೋರಿಸಿಕೊಂಡು ಓಡಾಡಬೇಕಾಯಿತಲ್ಲ, ಆ ನೋವು ಇನ್ನೂ ಇದೆ. ಗಡಿಗೆ ಸೈನ್ಯ ಕಳಿಸುವ ಸರ್ಕಾರಕ್ಕೂ, ಆಪೊ ಒಲೆ ಮುಂದೆ ಕೂತು ಹೇಳಿಕೊಟ್ಟ ಹಬ್ಬಕ್ಕೂ ಎಲ್ಲಿಯ ಸಂಬಂಧ? ನಾನು ಯಾರಿಗೆ ಏನನ್ನು ಸಾಬೀತು ಮಾಡಬೇಕು?

2026ರಲ್ಲಿ ಫೆಬ್ರವರಿ 17ಕ್ಕೆ ಹಬ್ಬ, ಚೀನೀ ಪಂಚಾಂಗದ ಕುದುರೆ ವರ್ಷ. ತುಂಬಾ ದಿನದ ಮೇಲೆ ಅಮ್ಮ ಥಿಯಂಪಾನ್, ಅಂದರೆ ನಮ್ಮ ಹೊಸ ವರ್ಷದ ಅಕ್ಕಿ ಸಿಹಿ, ಮಾಡ್ತೀನಿ ಅಂದಳು. ಅಸ್ಸಾಮಿನವರ ಅಂಗಡಿಯಿಂದ ಅಂಟಂಟಾಗುವ ಬೋರಾ ಅಕ್ಕಿ ತಂದು ನೆನೆಸಿ ರುಬ್ಬಿದೆವು. ಬೆಲ್ಲದ ಪಾಕದಲ್ಲಿ ಕಲಸಿ, ಬಾಡಿಸಿದ ಬಾಳೆ ಎಲೆ ಹಾಸಿದ ಡಬ್ಬಿಗೆ ಸುರಿದು ಹಬೆಗಿಟ್ಟೆವು. ಆರು ಗಂಟೆ ಅಮ್ಮ ಒಲೆ ಬಿಟ್ಟು ಏಳಲಿಲ್ಲ. ನೀರು ಇಂಗಿದ ಹಾಗೆ ಬಿಸಿನೀರು ಹೊಯ್ಯುತ್ತಾ, ಅಡುಗೆಮನೆ ದೇವರ ಕಥೆ ಹೇಳಿದಳು. ಹಬ್ಬಕ್ಕೆ ವಾರ ಮುಂಚೆ ಅವನು ಮೇಲೆ ಹೋಗಿ ಮನೆಯವರ ಬಗ್ಗೆ ವರದಿ ಒಪ್ಪಿಸುತ್ತಾನಂತೆ. ಹೊರಡುವಾಗ ಅವನ ಬಾಯಿಗೆ ಸಿಹಿ ಸವರಬೇಕು, ಒಳ್ಳೆ ಮಾತಾಡಲಿ ಅಂತ. ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ ಅನ್ನುವ ಊರಲ್ಲೇ ಬೆಳೆದು, ಈ ಕಥೆಯನ್ನು ನಾನು ಒಬ್ಬರಿಗೂ ಹೇಳಿರಲಿಲ್ಲ!

ಬೆಳಿಗ್ಗೆ ಚಾಕುವಿಗೆ ಎಣ್ಣೆ ಸವರಿ ಕತ್ತರಿಸಿದೆ. ಕಂದು ಬಣ್ಣ, ಕನ್ನಡಿಯಂಥ ಹೊಳಪು. ಕೆಂಪು ಕಾಗದವನ್ನು ಬಾಗಿಲಿನ ಹೊರಗೆ ಅಂಟಿಸಿ, ತಟ್ಟೆ ಹಿಡಿದು ಪಕ್ಕದ ಮನೆಗೆ ಹೋದೆ. ಅಜ್ಜಿ ಈಗಿಲ್ಲ. ಅವರ ಸೊಸೆ ಒಂದು ತುಂಡು ಬಾಯಿಗಿಟ್ಟು, "ಇದು ನಮ್ಮ ಹಾಲ್ಬಾಯಿ ಥರಾನೇ ಇದೆಯಲ್ಲೇ! ಕಾಯಿಹಾಲು ಹಾಕಲ್ವಾ? ಇಷ್ಟು ವರ್ಷ ಯಾಕೆ ಕೊಡಲಿಲ್ಲ?" ಅಂದರು. ಉತ್ತರ ಕೊಡೋಕೆ ಹೋದರೆ ಗಂಟಲು ಕಟ್ಟಿತು.

ಬರಿ ತಟ್ಟೆ ವಾಪಸ್ ಕೊಡಬಾರದು ಅಂತ ಒಂದು ಹಿಡಿ ಸಕ್ಕರೆ ಹಾಕಿ ಕೊಟ್ಟರು. ಅಮ್ಮ ಆ ಸಕ್ಕರೆಯನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ, "ಮುಂದಿನ ಸಲ ಎರಡು ಕೆಜಿ ಅಕ್ಕಿ ನೆನೆಸೋಣ, ಎದುರು ಮನೆಗೂ ಆಗತ್ತೆ" ಅಂದಳು.