ಕಥೀಡ್ರಲ್‌ಗೂ ಮಂಗಳಾರತಿಯ ಹೊತ್ತಿದೆ

ಬೇಸಿಗೆ ಬಂತೆಂದರೆ ಇಂಗ್ಲೆಂಡಿನ ಕನ್ನಡಿಗರಲ್ಲಿ ಬಸ್ ಪ್ರವಾಸದ ಮಾತು ಶುರುವಾಗುತ್ತದೆ. ಊರಿಂದ ಬಂದ ಅಪ್ಪ ಅಮ್ಮಂದಿರಿಗೆ ಹಳೆಯ ಪಟ್ಟಣಗಳನ್ನು ತೋರಿಸಬೇಕು. ಲಂಡನ್ನಿನಿಂದ ಹೊರಟು ಒಂದೇ ದಿನದಲ್ಲಿ ವಿಂಡ್ಸರ್, ಪುರಾತನ ಕಲ್ಲುಗಳ ಸ್ಟೋನ್‌ಹೆಂಜ್, ಬಾತ್. ದಾರಿಗೆ ಹತ್ತಿರವೆಂದು ಸಾಲ್ಸ್‌ಬರಿ, ಅಲ್ಲಿಯ ಕಥೀಡ್ರಲ್, ಅಂದರೆ ಬಿಷಪ್ಪರ ದೊಡ್ಡ ಚರ್ಚು. ಈ ಕ್ರಮ ಸರಿಯಲ್ಲ. ಶೃಂಗೇರಿ, ಹೊರನಾಡಿಗೆ ಹೋಗುವಾಗ ಗುಡಿಯ ಬಾಗಿಲು ಎಷ್ಟು ಹೊತ್ತಿಗೆ ಹಾಕುತ್ತಾರೆ, ಮಂಗಳಾರತಿ ಯಾವಾಗ ಎಂದು ವಿಚಾರಿಸಿಕೊಂಡೇ ಹೊರಡುವವರು ನಾವು. ಇಲ್ಲಿ ಮಾತ್ರ ಬಸ್ಸಿನ ಹೊತ್ತಿಗೆ ಕಥೀಡ್ರಲ್ಲನ್ನು ಹೊಂದಿಸಲು ನೋಡುತ್ತೇವೆ.

ಒಂದು ಗಂಟೆಯ ನಿಲುಗಡೆ ಎಂದರೆ ನೋಡಲು ಸಿಗುವುದು ಇಪ್ಪತ್ತು ನಿಮಿಷ. ಹಳೇ ಪೇಟೆಯ ಕಿರುಬೀದಿಗಳೊಳಗೆ ದೊಡ್ಡ ಬಸ್ ಹೋಗುವುದಿಲ್ಲ. ಇಳಿದ ಜಾಗದಿಂದ ಹತ್ತು ನಿಮಿಷದ ನಡಿಗೆ ಮಂಡಿನೋವಿನವರಿಗೆ ಇಪ್ಪತ್ತಾಗುತ್ತದೆ. ಐವತ್ತು ಜನ ಶೌಚಾಲಯಕ್ಕೆ ಹೋಗಿಬರಬೇಕು. ಚಾಲಕ ಒಟ್ಟು ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷದ ಬಿಡುವು ಕಡ್ಡಾಯ. ಎಲ್ಲೋ ಟ್ರಾಫಿಕ್ಕಿನಲ್ಲಿ ಅರ್ಧ ಗಂಟೆ ಹೋದರೆ ಕೊನೆಯ ಊರನ್ನು ಕಿಟಕಿಯಿಂದಲೇ ನೋಡಬೇಕು.

ಸಾಲ್ಸ್‌ಬರಿ ಕಥೀಡ್ರಲ್ ಕಟ್ಟಲು ತೊಡಗಿದ್ದು 1220ರಲ್ಲಿ, ಪ್ರತಿಷ್ಠೆಯಾದದ್ದು 1258ರಲ್ಲಿ. ನಮ್ಮ ಸೋಮನಾಥಪುರದ ಕೇಶವ ದೇವಾಲಯವೂ ಅದೇ ಕಾಲದ್ದು. ಆದರೆ ಎರಡನ್ನೂ ನೋಡುವ ಬಗೆ ಬೇರೆ. ಸೋಮನಾಥಪುರದಲ್ಲಿ ಜಗತಿಯ ಮೇಲೆ ಸುತ್ತು ಬರುತ್ತಿದ್ದರೆ ಆನೆ, ಕುದುರೆ, ಬಳ್ಳಿಯ ಸಾಲುಗಳು ಕೈಗೆಟುಕುವಷ್ಟು ಹತ್ತಿರದಲ್ಲೇ ಸಾಗುತ್ತವೆ. ಸಾಲ್ಸ್‌ಬರಿಯ ಸಿರಿ ಇರುವುದು ಒಳಗೆ, ಎತ್ತರದಲ್ಲಿ, ಬೆಳಕಿನಲ್ಲಿ. ಕುಳಿತು ತಲೆಯೆತ್ತದೆ ಅದು ಕಾಣದು. ನಡುಗೋಪುರದ ಕೆಳಗಿನ ಕಂಬದ ಪಕ್ಕ ನಿಂತು ಬುಡದಿಂದ ಮೇಲಕ್ಕೆ ನೋಡಿ: ಕಲ್ಲು ಬಾಗಿದೆ. ಮೊದಲ ಕಟ್ಟಡದ ಮೇಲೆ ಆಮೇಲೆ ಏರಿಸಿದ ಗೋಪುರ, ಶಿಖರಗಳ ಭಾರ ಸುಮಾರು 6,500 ಟನ್. ಎತ್ತರ 123 ಮೀಟರ್. ಅಡಿಪಾಯದ ಆಳ ಬರೀ ನಾಲ್ಕು ಅಡಿಯಷ್ಟು, ಅದೂ ಜಲ್ಲಿನೆಲದ ಮೇಲೆ. ಆ ಜಲ್ಲಿ ಒಣಗಬಾರದು. ಅದಕ್ಕೇ ನೆಲದ ಒಂದು ಕಿಂಡಿಯಲ್ಲಿ ಕೋಲು ಇಳಿಸಿ ನೀರಿನ ಮಟ್ಟ ನೋಡುತ್ತಾರೆ. ಇದನ್ನು ವಿವರಿಸುವವರು ಅಲ್ಲಿಯ ಸ್ವಯಂಸೇವಕ ಗೈಡ್‌ಗಳು. ಗುಂಪಿಗೆ ಮೊದಲೇ ಬುಕ್ ಮಾಡಿ. ಐವತ್ತು ಜನರನ್ನು ಎರಡು ಮೂರು ತಂಡ ಮಾಡದಿದ್ದರೆ ಹಿಂದಿನವರಿಗೆ ಏನೂ ಕೇಳಿಸುವುದಿಲ್ಲ. ಗೋಪುರ ಹತ್ತಲು 332 ಮೆಟ್ಟಿಲು, ಇಕ್ಕಟ್ಟಾದ ಸುರುಳಿ. ಹಿರಿಯರಿಗೆ ಬೇಡ.

ಎರಡು ಮಾತು ಬಸ್ಸಿನಲ್ಲೇ ಹೇಳಿಬಿಡಿ. ಚಪ್ಪಲಿ ಬಿಡಬೇಕಿಲ್ಲ, ಅಭ್ಯಾಸಬಲದಿಂದ ಬಿಟ್ಟರೆ ಕಲ್ಲುನೆಲದ ಥಂಡಿ ಕಾಲಿಗೆ ಏರುತ್ತದೆ. ಗಂಡಸರು ಟೋಪಿ ತೆಗೆಯುವುದು ಅಲ್ಲಿಯ ಮರ್ಯಾದೆ. ಬುತ್ತಿಗೆ ಚಿತ್ರಾನ್ನವೇ ವಾಸಿ. ಬಸ್ಸಿನ ಕಾವಿಗೆ ಮೊಸರನ್ನ ಹುಳಿಯಾಗುತ್ತದೆ. ಊಟ ಹೊರಗಿನ ಹುಲ್ಲುಹಾಸಿನಲ್ಲಿ.

ನಮ್ಮವರು ತಪ್ಪಿಸಿಕೊಳ್ಳುವುದು ಸಂಜೆಯ ಹಾಡುಪ್ರಾರ್ಥನೆಯನ್ನು, ಅಂದರೆ ಈವನ್‌ಸಾಂಗ್ ಅನ್ನು. ಹೆಚ್ಚಿನ ಕಥೀಡ್ರಲ್‌ಗಳಲ್ಲಿ ವಾರದ ದಿನ ಐದೂವರೆ ಸುಮಾರಿಗೆ, ಮುಕ್ಕಾಲು ಗಂಟೆ. ಟಿಕೆಟ್ ಇಲ್ಲ, ಯಾವ ಧರ್ಮದವರೂ ಕೂರಬಹುದು, ಉಳಿದವರು ಎದ್ದಾಗ ಏಳುವುದಷ್ಟೇ. ಆ ಕಲ್ಲಿನ ಚಾವಣಿ ಯಾಕೆ ಅಷ್ಟು ಎತ್ತರ ಎಂಬುದು ಅಲ್ಲಿ ಕಿವಿಗೆ ತಿಳಿಯುತ್ತದೆ: ಹಾಡು ನಿಂತ ಮೇಲೂ ದನಿ ಮೇಲೆ ಸುಳಿಯುತ್ತಿರುತ್ತದೆ. ಹಾಡುವ ಮಕ್ಕಳ ಶಾಲೆಗೆ ರಜೆಯಾದ ಆಗಸ್ಟಿನಲ್ಲಿ ಅಲ್ಲಿಯದೇ ಹಾಡುಮೇಳ ಇರುವುದಿಲ್ಲ, ಬಹುತೇಕ ಹೊರಗಿನ ಮೇಳ ಹಾಡುತ್ತದೆ. ಕೆಲವು ದಿನ ಹಾಡಿಲ್ಲದೆ ಬರೀ ಪಠಣ. ಆ ವಾರದ ಪಟ್ಟಿ ನೋಡಿಯೇ ದಿನ ಗೊತ್ತುಮಾಡಿ. ಭಾನುವಾರ ಬೆಳಿಗ್ಗೆ ಬೇಡ, ಆರಾಧನೆ ನಡೆಯುವಾಗ ಪ್ರವಾಸಿಗರು ಸುತ್ತಾಡುವಂತಿಲ್ಲ.

ಹೀಗೆ ಮಾಡಿ: ಲಂಡನ್ ಒಂಬತ್ತಕ್ಕೆ ಬಿಡಿ, ಹನ್ನೆರಡಕ್ಕೆ ಮೊದಲು ಸಾಲ್ಸ್‌ಬರಿ, ಊಟ, ಗೈಡ್ ಜೊತೆ ಒಂದೂವರೆ ಗಂಟೆ, ಅಲ್ಲೇ ಇರುವ 1215ರ ಮ್ಯಾಗ್ನಾ ಕಾರ್ಟಾ (ದೊರೆಯ ಅಧಿಕಾರಕ್ಕೆ ಮಿತಿ ಹಾಕಿದ ಸನ್ನದು) ಪ್ರತಿ, ಪೇಟೆಯಲ್ಲಿ ಕಾಫಿ, ಐದೂಕಾಲಿಗೆ ಮತ್ತೆ ಒಳಗೆ. ಆರೂಮುಕ್ಕಾಲಿಗೆ ಬಸ್. ಸ್ಟೋನ್‌ಹೆಂಜ್‌ಗೆ ಇನ್ನೊಂದು ದಿನ ಇಡಿ.