ಬರೀ ಸಾರು-ಅನ್ನ ಎಂದು ನಾಚಿಕೊಳ್ಳುವುದೇಕೆ?

ಪುಣೆಯಲ್ಲಿ ಹಳೇ ಪದ್ಧತಿಯ ಮರಾಠಿ ಮದುವೆಗೋ ಮುಂಜಿಗೋ ಹೋಗಿ ಊಟಕ್ಕೆ ಕೂತರೆ ಮೊದಲು ಅನ್ನದ ಒಂದು ಪುಟ್ಟ ಗುಡ್ಡೆ ಬೀಳುತ್ತದೆ. ಬಟ್ಟಲಲ್ಲಿ ಒತ್ತಿ ಬೋರಲು ಹಾಕಿದ ಅನ್ನ. ಅದರ ನೆತ್ತಿಗೆ ವರಣ, ವರಣದ ಮೇಲೆ ತುಪ್ಪ, ಪಕ್ಕಕ್ಕೆ ನಿಂಬೆಹೋಳು. ವರಣ ಅಂದರೆ ಮೆತ್ತಗೆ ಬೆಂದ ತೊಗರಿಬೇಳೆ. ಅದಕ್ಕೆ ಅರಿಸಿನ, ಇಂಗು, ಉಪ್ಪು, ಒಂದು ಚೂರು ಬೆಲ್ಲ, ಅಷ್ಟೆ. ಒಗ್ಗರಣೆ ಕೂಡ ಇರುವುದಿಲ್ಲ. ಮಸಾಲೆ ಭಾತು, ಜಿಲೇಬಿ, ಮಠ್ಠಾ ಎಂಬ ಮಸಾಲೆ ಮಜ್ಜಿಗೆ ಎಲ್ಲ ಆಮೇಲೆ. ಹಾಲ್‌ಗೆ ಲಕ್ಷಗಟ್ಟಲೆ ಬಾಡಿಗೆ ಕೊಟ್ಟವರು ಕೂಡ ದಿನಾ ರಾತ್ರಿ ಮನೆಯಲ್ಲಿ ತಿನ್ನುವ ಬೇಳೆ-ಅನ್ನವನ್ನು ಇಲ್ಲಿ ಮುಂದೆ ತಂದು ಕೂರಿಸುತ್ತಾರೆ.

ನಮ್ಮಲ್ಲೂ ಮದುವೆ ಎಲೆಗೆ ತೊವ್ವೆ-ತುಪ್ಪ ಬೀಳುತ್ತದಲ್ಲ ಎನ್ನುತ್ತೀರಿ. ಒಪ್ಪಿದೆ. ಆದರೆ ಮನೆಗೆ ಬನ್ನಿ. ಊಟದ ಹೊತ್ತಿಗೆ ಹೇಳದೆ ಕೇಳದೆ ಯಾರಾದರೂ ಬಂದರೆ ನಮ್ಮ ತುಮಕೂರು-ಬೆಂಗಳೂರು ಕಡೆಯ ಮನೆಗಳಲ್ಲಿ ಬರುವ ಮೊದಲ ಮಾತೇ "ಅಯ್ಯೋ, ಇವತ್ತು ಏನೂ ಮಾಡಿಲ್ಲ ಕಣ್ರೀ, ಬರೀ ಸಾರು-ಅನ್ನ." ಹಿಂದೆಯೇ ಯಾರೋ ಹೋಟೆಲಿಗೆ ಓಡುತ್ತಾರೆ, ಈಗಾದರೆ ಫೋನು ತೆಗೆದು ಪನೀರಿನದೇನೋ ಆರ್ಡರ್ ಮಾಡುತ್ತಾರೆ. ಒಲೆಯ ಮೇಲೆ ಘಮಘಮಿಸುವ ಸಾರು ಹಾಗೇ ಮುಚ್ಚಿಟ್ಟಿರುತ್ತದೆ. ಬಂದವರಿಗೆ ಬೇಕಾಗಿದ್ದದ್ದೂ ಅದೇ ಸಾರು ಇರಬಹುದು, ಯಾರು ಕೇಳಬೇಕು?

ಪುಣೆಯ ಕೊಥ್ರೂಡಿನಲ್ಲಿ ನಮ್ಮ ಎದುರು ಮನೆಯ ಕಾಕುಗೆ, ಅಂದರೆ ಚಿಕ್ಕಮ್ಮನಂಥ ಹಿರಿಯರಿಗೆ, ಈ ಸಂಕೋಚ ಗೊತ್ತೇ ಇಲ್ಲ. ಏನೋ ಕೇಳಲು ಬಾಗಿಲಿಗೆ ಹೋದವನನ್ನು "ಯಾ, ಬಸಾ, ಗರಮ್ ಭಾತ್ ಆಹೇ" (ಬನ್ನಿ, ಕೂತ್ಕೊಳ್ಳಿ, ಬಿಸಿ ಅನ್ನ ಇದೆ) ಎಂದು ಕೂರಿಸಿಕೊಂಡು, ಮುದ್ದೆಯಾಗುವಷ್ಟು ಬೇಯಿಸಿದ ಅನ್ನಕ್ಕೆ ಮೆತ್ಕೂಟದ ಪುಡಿ ಉದುರಿಸಿ ತುಪ್ಪ ಸುರಿದು ಕೊಟ್ಟರು. ಕಡಲೆಬೇಳೆ, ಉದ್ದಿನಬೇಳೆ, ಅಕ್ಕಿ, ಗೋಧಿಗಳನ್ನು ಬೇರೆಬೇರೆಯಾಗಿ ಹುರಿದು, ಜೀರಿಗೆ, ಮೆಂತ್ಯ, ಒಣಶುಂಠಿ, ಇಂಗು, ಅರಿಸಿನ ಸೇರಿಸಿ ಬೀಸಿದ ಪುಡಿ ಅದು. ಪಲ್ಯ, ಹಪ್ಪಳ ಏನೂ ಇರಲಿಲ್ಲ, "ಬರೀ" ಎನ್ನುವ ಮಾತೂ ಬರಲಿಲ್ಲ. ನಾನು ತಿಂದೆ, ಇನ್ನೊಂದು ಸಲ ಹಾಕಿಸಿಕೊಂಡೆ. ಹೆಚ್ಚುಕಮ್ಮಿ ಇದೇ ಪುಡಿಯನ್ನು ನಮ್ಮಮ್ಮ ಮೆಂತ್ಯದ ಹಿಟ್ಟು ಎಂದು ಡಬ್ಬಿಯಲ್ಲಿ ತುಂಬಿಡುತ್ತಿದ್ದಳು. ಅದು ಹೊರಗೆ ಬರುತ್ತಿದ್ದದ್ದು ಯಾರಿಗೋ ಜ್ವರ ಬಿಟ್ಟ ದಿನ ಅಥವಾ ಅಮ್ಮನಿಗೇ ಸಾಕಾದ ದಿನ. ನೆಂಟರ ಮುಂದೆ ಆ ಡಬ್ಬಿ ತೆಗೆದದ್ದನ್ನು ನಾನು ನೋಡಿಲ್ಲ.

ನನ್ನ ತಕರಾರು ಇಷ್ಟೇ. ಮನೆಯ ಸಾದಾ ಅಡುಗೆ ಇಬ್ಬರಲ್ಲೂ ಇದೆ, ಬಹಳಷ್ಟು ಪದಾರ್ಥಗಳೂ ಒಂದೇ. ಮರಾಠಿಯವರು ಅದಕ್ಕೆ ಮಣೆ ಹಾಕುತ್ತಾರೆ, ನಾವು ಹಿತ್ತಲಲ್ಲಿ ನಿಲ್ಲಿಸುತ್ತೇವೆ.

ಮಿಕ್ಕುಳಿದ ತಂಗಳು ಅಡುಗೆಯ ವಿಷಯದಲ್ಲಂತೂ ಇದು ಎದ್ದು ಕಾಣುತ್ತದೆ. ರಾತ್ರಿ ಮಿಕ್ಕ ಪೋಳಿಯನ್ನು, ಅಂದರೆ ಚಪಾತಿಯನ್ನು, ಬೆಳಿಗ್ಗೆ ಕೈಯಲ್ಲಿ ಹರಿದು, ಸಾಸಿವೆ, ಈರುಳ್ಳಿ, ಹಸಿಮೆಣಸಿನಕಾಯಿ, ಕಡಲೆಕಾಯಿ ಬೀಜ, ಅರಿಸಿನದ ಒಗ್ಗರಣೆಯಲ್ಲಿ ಹೊರಳಿಸಿದರೆ ಫೋಡಣಿಚಿ ಪೋಳಿ. ಮಕ್ಕಳು ಅದನ್ನೇ ಶಾಲೆಯ ಡಬ್ಬಿಗೆ ಕೇಳಿ ಹಾಕಿಸಿಕೊಳ್ಳುತ್ತಾರೆ. ಚಪಾತಿ ಉಳಿಯಲಿ ಎಂದು ನಾಲ್ಕು ಹೆಚ್ಚಿಗೆ ಲಟ್ಟಿಸುವ ಮನೆಗಳನ್ನು ನೋಡಿದ್ದೇನೆ. ಅದೇ ಚಪಾತಿಯನ್ನು ಪುಡಿ ಮಾಡಿ ಬೆಲ್ಲ, ತುಪ್ಪ ಹಾಕಿ ಕಟ್ಟಿದರೆ ಪೋಳಿ ಲಾಡು. ಇತ್ತ ನಮ್ಮಲ್ಲಿ ತಂಗಳು ಎಂಬ ಮಾತು ಕಿವಿಗೆ ಬಿದ್ದರೇ ಮುಖ ಕಿವುಚುತ್ತೇವೆ. ಮಿಕ್ಕ ಅನ್ನದ ಚಿತ್ರಾನ್ನವನ್ನು ಮಾತ್ರ ಹೋಟೆಲಿನವರು ಬಿಸಿ ಅನ್ನದಲ್ಲೇ ಮಾಡಿ ಬೋರ್ಡಿಗೆ ಹತ್ತಿಸಿದ ಮೇಲೆ ಅದಕ್ಕೊಂದು ಸ್ಥಾನ ಸಿಕ್ಕಿತು.

ಇಲ್ಲಿ "ನಾವು" ಅಂದಾಗ ನಮ್ಮನೆಯಲ್ಲೇ ಜಗಳ. ಹೆಂಡತಿ ಗದಗಿನ ಕಡೆಯವಳು. "ನಾವು ಅಂದ್ರ ಯಾರ್‍ರೀ? ನಿಮ್ಮ ತುಮಕೂರಿನವರಷ್ಟ ಅನ್ರಿ" ಎನ್ನುತ್ತಾಳೆ. ನಿಜವೇ. ಬಿಸಿ ಜೋಳದ ರೊಟ್ಟಿಯನ್ನು ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಉಪ್ಪಿನ ಜೊತೆ ಕುಟ್ಟಿ ಎಣ್ಣೆಯೋ ತುಪ್ಪವೋ ಹಾಕಿದ ಮುಟಗಿಯನ್ನು ಅವಳ ತವರಿನಲ್ಲಿ ಅಳಿಯನಾದ ನನಗೆ ಎದೆಯುಬ್ಬಿಸಿ ಬಡಿಸಿದ್ದರು. ಒಣಗಿದ ಕಟಕು ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ ಒಗ್ಗರಣೆ ಕೊಟ್ಟು ತಿನ್ನುವುದಕ್ಕೂ ಅಲ್ಲಿ ಯಾರೂ ನಾಚುವುದಿಲ್ಲ. ಊಟದ ಮಟ್ಟಿಗೆ ಗಡಿಯನ್ನು ನಿಪ್ಪಾಣಿಯಲ್ಲಿ ಎಳೆಯುವುದಕ್ಕಿಂತ ತುಂಗಭದ್ರೆಯ ಹತ್ತಿರ ಎಲ್ಲೋ ಎಳೆಯಬೇಕೇನೋ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಮರಾಠಿ ಅಡುಗೆಮನೆ ದಿನದ ಅಡುಗೆಯನ್ನು ಇಷ್ಟು ಹಗುರವಾಗಿ ಮುಗಿಸುವುದಕ್ಕೆ ಒಂದು ಕಾರಣ ಡಬ್ಬಿಯಲ್ಲಿದೆ. ಹುರಿದ ಕಡಲೆಕಾಯಿ ಬೀಜದ ತರಿ ಪುಡಿ, ದಾಣ್ಯಾಚೇ ಕೂಟ. ಅದಿಲ್ಲದ ಮನೆ ಇಲ್ಲಿ ಸಿಗುವುದು ಕಷ್ಟ. ಪಲ್ಯಕ್ಕೆ ಒಂದು ಹಿಡಿ, ಸೌತೆಕಾಯಿ ಕೋಸಂಬರಿಗೆ ಒಂದು ಹಿಡಿ, ಸಾಬುದಾಣಾ ಖಿಚಡಿಗೆ ಎರಡು ಹಿಡಿ. ನಮಗೆ ಆ ಜಾಗದಲ್ಲಿ ಇರುವುದು ಹಸಿ ಕಾಯಿ. ಕಾಯಿ ರುಚಿಯಲ್ಲಿ ಮೇಲು, ಆ ಮಾತಿನಲ್ಲಿ ನಾನು ಬಗ್ಗುವವನಲ್ಲ. ಆದರೆ ಕಾಯಿ ಒಡೆಯಬೇಕು, ತುರಿಯಬೇಕು, ಹುಳಿಗಾದರೆ ರುಬ್ಬಬೇಕು, ರುಬ್ಬಿದ್ದು ಸಂಜೆಗೆ ಹಳಸುವ ಭಯ ಬೇರೆ. ಬೆಳಗಿನ ಅಡುಗೆ ನಮ್ಮನೆಯಲ್ಲಿ ನನ್ನ ಪಾಲು. ಹುರುಳಿಕಾಯಿ ಪಲ್ಯಕ್ಕೆ ಕಾಯಿ ತುರಿಯುವ ಹೊತ್ತಿನಲ್ಲಿ ಕಾಕು ಮನೆಯಲ್ಲಿ ಪಲ್ಯವೇ ಮುಗಿದಿರುತ್ತದೆ. ಈಗ ನಮ್ಮನೆಯಲ್ಲೂ ಕೂಟದ ಡಬ್ಬಿ ಇದೆ. ಭಾನುವಾರಕ್ಕೆ ಕಾಯಿ.

ಹಾಗಂತ ಇಲ್ಲಿ ಎಲ್ಲವೂ ಸರಳ ಎಂದು ಹೊಗಳಿದರೆ ಸುಳ್ಳಾದೀತು. ಮಡಿಕೆ ಹಾಕಿ ಲಟ್ಟಿಸುವ, ಪದರ ಬಿಡುವ ಪೋಳಿ ದಿನಕ್ಕೆರಡು ಹೊತ್ತು ಬೇಕು ಎನ್ನುವ ಮನೆಗಳಲ್ಲಿ ಯಾರದೋ ಕೈ ಸೋಲುತ್ತಲೇ ಇರುತ್ತದೆ. ಆ ಕೈ ಹೆಚ್ಚಾಗಿ ಮನೆಯ ಹೆಂಗಸಿನದು, ಇಲ್ಲವೇ ನಾಲ್ಕಾರು ಮನೆ ಸುತ್ತಿ ಬರೀ ಪೋಳಿ ಮಾಡಿಕೊಟ್ಟು ಹೋಗುವ ಕೆಲಸದ ಹೆಂಗಸಿನದು. ಪುಣೆಯ ಬೀದಿಬೀದಿಗೆ ಪೋಳಿ-ಭಾಜಿ ಕೇಂದ್ರಗಳು ಹುಟ್ಟಿಕೊಂಡದ್ದು ಸುಮ್ಮನೆ ಅಲ್ಲ. ಸಂಜೆ ಆಫೀಸಿನಿಂದ ಬರುವಾಗ ಎಣಿಸಿ ನಾಲ್ಕು ಪೋಳಿ, ಒಂದು ಪೊಟ್ಟಣ ಪಲ್ಯ ಕಟ್ಟಿಸಿಕೊಂಡು ಹೋಗಿ, ಮನೆಯಲ್ಲಿ ವರಣ-ಭಾತು ಮಾತ್ರ ಮಾಡಿಕೊಳ್ಳುವವರು ಎಷ್ಟೋ ಮಂದಿ. ಈ ವಿಷಯದಲ್ಲಿ ಕುಕ್ಕರ್ ಕೂಗಿದರೆ ಮುಗಿಯುವ ನಮ್ಮ ಅನ್ನ, ಹತ್ತು-ಹದಿನೈದು ನಿಮಿಷದಲ್ಲಿ ಏಳುವ ಮುದ್ದೆ ಎಷ್ಟೋ ವಾಸಿ. ಹೊರಗಿನಿಂದ ತಂದ ಪೋಳಿಗೂ ಇಲ್ಲಿ ಮನೆಯ ಊಟದ ಮರ್ಯಾದೆಯೇ ಇದೆ. ಅದು ಒಳ್ಳೆಯದೇ ಎನ್ನಬೇಕು.

ಇನ್ನು ಸಿಹಿ. ನನಗೆ ಹೆಚ್ಚು ಹೊಟ್ಟೆಕಿಚ್ಚು ಇರುವುದು ಇಲ್ಲಿಯೇ. ಮಾಗಿದ ಬಾಳೆಹಣ್ಣನ್ನು ಬಿಲ್ಲೆ ಹೆಚ್ಚಿ, ತಣ್ಣನೆ ಹಾಲು, ಸಕ್ಕರೆ, ಚಿಟಿಕೆ ಏಲಕ್ಕಿ ಬೆರೆಸಿದರೆ ಶಿಕರಣ. ಮಂಗಳವಾರ ರಾತ್ರಿ, ಯಾವ ಹಬ್ಬವೂ ಇಲ್ಲದೆ, ಪೋಳಿಗೆ ನೆಂಚಿಕೊಳ್ಳಲು ಅದು ತಟ್ಟೆಗೆ ಬರುತ್ತದೆ. ಬೇಸಿಗೆಯಲ್ಲಿ ಮಾವಿನಕಾಯಿ ತುರಿದು ಸಕ್ಕರೆಯಲ್ಲೋ ಬೆಲ್ಲದಲ್ಲೋ ಕಾಯಿಸಿ ಭರಣಿಗೆ ತುಂಬಿದ ಸಾಖರಾಂಬಾ, ಗುಳಾಂಬಾ ವರ್ಷವಿಡೀ ಇರುತ್ತದೆ. ಏನೂ ಇಲ್ಲದಿದ್ದರೆ ಬಿಸಿ ಪೋಳಿಗೆ ತುಪ್ಪ-ಸಕ್ಕರೆ ಸವರಿ ಸುರುಳಿ ಸುತ್ತಿ ಮಗುವಿನ ಕೈಗೆ. ಭರಣಿಯದನ್ನು ಬಿಟ್ಟರೆ ಯಾವುದಕ್ಕೂ ಪಾಕ ಬೇಡ, ಬಾಣಲೆ ಬಿಟ್ಟು ಬರುವ ಹದ ಕಾಯಬೇಕಿಲ್ಲ.

ನಮ್ಮಲ್ಲಿ ಸಿಹಿಗೆ ನೆಪ ಬೇಕು. ಹಬ್ಬ, ಹುಟ್ಟುಹಬ್ಬ, ಪರೀಕ್ಷೆಯ ಫಲಿತಾಂಶ. ಮಾಡಿದರೆ ಮೈಸೂರುಪಾಕಿನ ಮಟ್ಟಕ್ಕೇ ಏರಬೇಕು, ಒಂದೆಳೆ ಪಾಕವೋ ಎರಡೆಳೆಯೋ ಎಂದು ಬೆರಳ ನಡುವೆ ಎಳೆದು ನೋಡಬೇಕು. ಅದಕ್ಕೆ ಧೈರ್ಯ ಸಾಲದವರು ಅಂಗಡಿಯಿಂದ ಅರ್ಧ ಕೇಜಿ ತಂದುಬಿಡುತ್ತಾರೆ. ಸತ್ಯನಾರಾಯಣ ಪೂಜೆಯ ದಿನ ರವೆ, ಸಕ್ಕರೆ, ತುಪ್ಪ, ಹಾಲು ಎಲ್ಲವನ್ನೂ ಒಂದೂಕಾಲು ಅಳತೆಯಲ್ಲಿ ಹಾಕಿ, ಬಾಳೆಹಣ್ಣು ಸೇರಿಸಿ ಸಪಾದ ಭಕ್ಷ್ಯ ಮಾಡುತ್ತೇವೆ. ಇಲ್ಲಿಯವರೂ ಅದೇ ಪೂಜೆಗೆ ಅದೇ ಒಂದೂಕಾಲಿನ ಲೆಕ್ಕದಲ್ಲಿ ಶಿರಾ ಮಾಡುತ್ತಾರೆ. ಮಾರನೇ ವಾರ ತುಪ್ಪ ಅರ್ಧಕ್ಕಿಳಿಸಿ ಸಂಜೆಯ ತಿಂಡಿಗೆ ಮತ್ತೆ ಶಿರಾ ಇಲ್ಲಿ ಹಾಜರು. ನಮ್ಮ ಸಜ್ಜಿಗೆ ಮುಂದಿನ ಪೂಜೆಯವರೆಗೆ ಕಾಯುತ್ತದೆ, ಇಲ್ಲವೇ ಕೇಸರಿಬಾತು ಎಂಬ ಹೆಸರಲ್ಲಿ ಹೋಟೆಲಿನಲ್ಲಿ ಸಿಗುತ್ತದೆ.

ನಮ್ಮಲ್ಲಿ ಸುಲಭದ ಸಿಹಿ ಇಲ್ಲವೆಂದಲ್ಲ. ಬಾಳೆಹಣ್ಣಿಗೆ ಕಾಯಿಹಾಲು, ಬೆಲ್ಲ ಬೆರೆಸಿದರೆ ರಸಾಯನ. ನನ್ನ ನಾಲಿಗೆಗೆ ಅದು ಶಿಕರಣಕ್ಕಿಂತ ನಾಲ್ಕು ಮೆಟ್ಟಿಲು ಮೇಲೆ. ತೆಳು ಅವಲಕ್ಕಿಗೆ ಬೆಲ್ಲ, ಕಾಯಿತುರಿ, ಏಲಕ್ಕಿ ಕಲಸಿದರೆ ಒಲೆಯನ್ನೇ ಹಚ್ಚಬೇಕಿಲ್ಲ. ಹೆಸರುಬೇಳೆಯನ್ನು ಘಮ್ಮೆನ್ನುವವರೆಗೆ ಹುರಿದು, ಬೇಯಿಸಿ, ಬೆಲ್ಲ ಕರಗಿಸಿ ಕಾಯಿಹಾಲು ಹಾಕಿದರೆ ಅರ್ಧ ಗಂಟೆಯಲ್ಲಿ ಪಾಯಸ. ಕಾಯಿಹಾಲು ಹಾಕಿದ ಮೇಲೆ ಕುದಿಸಬಾರದು, ಒಡೆಯುತ್ತದೆ, ಎಚ್ಚರ ಇಷ್ಟೇ. ಇವೆಲ್ಲ ಶ್ರೀರಾಮನವಮಿ, ಕೃಷ್ಣಾಷ್ಟಮಿ ಎಂದು ಪಂಚಾಂಗಕ್ಕೆ ಕಟ್ಟುಬಿದ್ದು, ವಾರದ ದಿನಗಳಿಂದ ಎದ್ದುಹೋಗಿವೆ.

ಹೊರಗಿನವರಿಗೆ ನಮ್ಮ ಮನೆಯಡುಗೆ ಗೊತ್ತಾಗದೆ ಹೋದದ್ದಕ್ಕೂ ಇದಕ್ಕೂ ನಂಟಿದೆ. ಮುಂಬಯಿ, ಪುಣೆಗಳಿಗೆ ನಾವು ಹೋಟೆಲಿನ ಮೂಲಕ ಪರಿಚಯ. ಮುಂಬಯಿಯ ಮಾಟುಂಗಾ ಸ್ಟೇಷನ್ನಿನ ಪಕ್ಕ ರಾಮ ನಾಯಕರು 1942ರಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಬಾಳೆಲೆಯ ಊಟ ಇಂದಿಗೂ ನಡೆಯುತ್ತಿದೆ. ಪುಣೆಯ ಫರ್ಗ್ಯುಸನ್ ಕಾಲೇಜ್ ರಸ್ತೆಯ ವೈಶಾಲಿ ಹೋಟೆಲಿಗೆ ಬೆಳಿಗ್ಗೆ ಸಾಲು ನಿಲ್ಲುವವರಲ್ಲಿ ಮರಾಠಿಯವರೇ ಹೆಚ್ಚು. ಕರಾವಳಿಯಿಂದ ಬಂದವರು ಕಟ್ಟಿದ ಈ ಕೀರ್ತಿ ಸಣ್ಣದೇನಲ್ಲ. ಆದರೆ ಅದರ ಇನ್ನೊಂದು ಮುಖ ನೋಡಿ: ನಾವು ಮನೆಯಲ್ಲಿ ಮೂರು ಹೊತ್ತೂ ಇಡ್ಲಿ-ದೋಸೆ ತಿನ್ನುತ್ತೇವೆ ಎಂದು ನನ್ನ ಆಫೀಸಿನವರು ಪ್ರಾಮಾಣಿಕವಾಗಿ ನಂಬಿದ್ದಾರೆ. ನಾವೂ ಹಾಗೇ, ಮನೆಗೆ ಕರೆದರೆ ಹಿಂದಿನ ದಿನವೇ ಅಕ್ಕಿ-ಉದ್ದು ನೆನೆಹಾಕಿ, ರುಬ್ಬಿ, ಹುದುಗು ಬರಲಿ ಎಂದು ರಾತ್ರಿಯೆಲ್ಲ ಕಾದು ದೋಸೆಯನ್ನೇ ಹುಯ್ದು ಕೊಡುತ್ತೇವೆ. ಪುಣೆಯ ಡಿಸೆಂಬರ್ ಚಳಿಯಲ್ಲಿ ಹಿಟ್ಟು ಉಬ್ಬುವ ಹೊತ್ತಿಗೆ ಅತಿಥಿಗಳೇ ಹೊರಟಿರುತ್ತಾರೆ. ತಂಬುಳಿ, ಗೊಜ್ಜು, ಮೆಣಸಿನ ಸಾರು ಯಾರ ಕಣ್ಣಿಗೂ ಬೀಳುವುದೇ ಇಲ್ಲ.

ನಾನು ಈ ಪದ್ಧತಿ ಬಿಟ್ಟೆ. ಆಫೀಸಿನ ಗೆಳೆಯನಿಗೆ ನೆಗಡಿ ಹಿಡಿದು ಗಂಟಲು ಕಟ್ಟಿದ್ದಾಗ ಮನೆಗೆ ಕರೆದು, ಮೆಣಸು-ಜೀರಿಗೆಯನ್ನು ತುಪ್ಪದಲ್ಲಿ ಹುರಿದು ಕುಟ್ಟಿ, ಹುಣಸೆರಸದಲ್ಲಿ ಕುದಿಸಿ, ಕರಿಬೇವಿನ ಒಗ್ಗರಣೆ ಕೊಟ್ಟ ಸಾರನ್ನು ಲೋಟದಲ್ಲಿ ಕೊಟ್ಟೆ. ಮೂಗು ಒರೆಸಿಕೊಳ್ಳುತ್ತಾ ಕುಡಿದವನು ಉಳಿದದ್ದನ್ನು ಬಾಟಲಿಗೆ ತುಂಬಿಸಿಕೊಂಡು ಹೋದ. ಎಲ್ಲಕ್ಕೂ ಚೂರು ಸಕ್ಕರೆ ಬೆರೆಸುವ ಪುಣೆಯ ಚಟಕ್ಕೆ ನಾನಿನ್ನೂ ಒಗ್ಗಿಲ್ಲ. ಮಡಿಕೆ ಕಾಳಿನ ಪಲ್ಯಕ್ಕೆ, ಇಲ್ಲಿಯ ಮಟಕಿ ಉಸಳಿಗೆ, ಬೆಲ್ಲ ಯಾಕೆ ಬೇಕು ಎಂದು ಕಾಕು ಹತ್ತಿರ ವಾದ ಮಾಡಿ ಸೋತಿದ್ದೇನೆ. "ನಿಮ್ಮ ಸಾರಿಗೂ ಬೆಲ್ಲ ಹಾಕ್ತೀರಲ್ಲ" ಎಂದುಬಿಟ್ಟರು. ಹಾಕುತ್ತೇವೆ, ಏನು ಹೇಳಲಿ.

ಅವರಿಗೆ ಎದುರಾಗಿ ನಾನು ಇಟ್ಟದ್ದು ಹುರಿಹಿಟ್ಟು. ರಾಗಿಗೆ ನೀರು ಚಿಮುಕಿಸಿ ಒಂದು ರಾತ್ರಿ ಇಟ್ಟು, ಕಾದ ಬಾಣಲೆಯಲ್ಲಿ ಅರಳಿಸಿ ಬೀಸಿದ ಹಿಟ್ಟು. ನಮ್ಮೂರ ಕಡೆ ಹೊಲಕ್ಕೆ ಹೋಗುವವರ, ಶಾಲೆಯಿಂದ ಬಂದ ಮಕ್ಕಳ ಸಂಜೆಯ ಸಿಹಿ ಅದು. ನಾಲ್ಕು ಚಮಚ ಹಿಟ್ಟಿಗೆ ಎರಡು ಚಮಚ ಬೆಲ್ಲದ ಪುಡಿ, ಒಂದು ಚಮಚ ತುಪ್ಪ, ಮುದ್ದೆ ಕಟ್ಟುವಷ್ಟು ಬೆಚ್ಚಗಿನ ಹಾಲು, ಮೇಲೆ ಕೊಬ್ಬರಿ ತುರಿ. ಐದು ನಿಮಿಷವೂ ಬೇಡ. ಕಾಕು ಎರಡು ಉಂಡೆ ತಿಂದು, ಹಿಟ್ಟು ಎಲ್ಲಿ ಸಿಗುತ್ತದೆಂದು ಕೇಳಿದರು. ಇಲ್ಲಿಯ ಅಂಗಡಿಯ ನಾಚಣಿ, ಅಂದರೆ ರಾಗಿ, ಹಿಟ್ಟು ಹುರಿಯದ ಹಸಿಯದು, ಅದರಲ್ಲಿ ಮಾಡಿದರೆ ಹೊಟ್ಟೆನೋವು ಗ್ಯಾರಂಟಿ ಎಂದು ಹೇಳಿದ್ದೇನೆ. ಮುಂದಿನ ಸಲ ಊರಿನಿಂದ ಬರುವವರ ಕೈಯಲ್ಲಿ ಎರಡು ಕೇಜಿ ತರಿಸಬೇಕು, ಒಂದು ಕೇಜಿ ಅವರ ಪಾಲು.